ಹೊರಡುತ್ತೋ ಇಲ್ಲವೋ, ಅಷ್ಟು ಹೇಳಿ

ಏರ್‌ಪೋರ್ಟಿನಲ್ಲಿ ಅಂದು ಅತ್ತದ್ದು ನಮ್ಮ ಅತ್ತಿಗೆಯಲ್ಲ, ಕೌಂಟರಿನ ಹಿಂದೆ ನಿಂತಿದ್ದ ಯೂನಿಫಾರ್ಮಿನ ಹುಡುಗಿ.

ಹೊಸನಗರದಲ್ಲಿ ಜೆರಾಕ್ಸ್ ಅಂಗಡಿ ಇಟ್ಟಿರುವ ಅತ್ತಿಗೆ ಸುಮಿತ್ರಾಗೆ ಇರುವುದು ಒಬ್ಬಳೇ ತಂಗಿ, ಉಷಾ. ಹೈದರಾಬಾದಿನ ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆ ಅವಳ ಹೃದಯದ ಆಪರೇಷನ್. ಒಳಗೆ ಹೋಗುವ ಮುಂಚೆ ಅಕ್ಕ ಎದುರಿಗಿರಬೇಕು ಎಂದು ಹಟ ಹಿಡಿದಿದ್ದಳು. ನಾನು ಸಾಗರದಿಂದ ಹೋಗಿ ಅತ್ತಿಗೆಯನ್ನು ಹತ್ತಿಸಿಕೊಂಡು ಶಿವಮೊಗ್ಗ ತಲುಪಿದೆ. ಮಧ್ಯಾಹ್ನದ ಫ್ಲೈಟ್, ಇಬ್ಬರಿಗೂ ಟಿಕೆಟ್. ಸಂಜೆಯೊಳಗೆ ತಂಗಿಯ ಪಕ್ಕದಲ್ಲಿ. (ಊರಿಗೆ ವಿಮಾನ ಬಂತೆಂದು ನಾವೆಲ್ಲ ಖುಷಿಪಟ್ಟದ್ದು ಇದಕ್ಕೇ ತಾನೆ?)

ಮೊದಲು ಒಂದು ಗಂಟೆ ತಡ ಎಂದರು. ಆಮೇಲೆ ಇನ್ನೊಂದು. ಮತ್ತೆ ಇನ್ನೊಂದು. ಕಾರಣ? 'ಆಪರೇಷನಲ್ ರೀಸನ್.' ಹಾಗೆಂದರೇನು ಎಂದು ಅತ್ತಿಗೆ ನನ್ನನ್ನು ಕೇಳಿದರು. ನನಗೂ ಗೊತ್ತಿರಲಿಲ್ಲ.

ಕೂಡಲೇ ಕಾರಿನಲ್ಲಿ ಬೆಂಗಳೂರಿಗೆ ಹೊರಟರೆ ಅಲ್ಲಿಂದ ರಾತ್ರಿಯ ವಿಮಾನ ಹಿಡಿಯಬಹುದಿತ್ತು. ಆದರೆ ನಾವು ಹೊರಟ ಮೇಲೆ ಇದೇ ಹಾರಿಬಿಟ್ಟರೆ?

ಕೌಂಟರಿನ ಸುತ್ತ ಜನ ಮುತ್ತಿದರು. ಒಬ್ಬರು ಮೇಜು ಗುದ್ದಿದರು, ಇನ್ನೊಬ್ಬರು ಮೊಬೈಲಿನಲ್ಲಿ ವಿಡಿಯೋ ತೆಗೆದರು. ಹುಡುಗಿಯ ಕಣ್ಣಿನಿಂದ ನೀರು ಇಳಿಯತೊಡಗಿತು. ಅತ್ತಿಗೆ ಜನರನ್ನು ಸರಿಸಿಕೊಂಡು ಹೋಗಿ ತಮ್ಮ ನೀರಿನ ಬಾಟಲಿ ಕೊಟ್ಟರು. ಯಾವ ಊರೆಂದು ವಿಚಾರಿಸಿದರು. ತೀರ್ಥಹಳ್ಳಿಯವಳಂತೆ.

"ಬೈಯೋಕೆ ಬಂದಿಲ್ಲ ಕಣಮ್ಮ. ಇವತ್ತು ಹೊರಡುತ್ತೋ ಇಲ್ವೋ, ಅಷ್ಟು ಹೇಳು. ಬೇರೆ ದಾರಿ ನೋಡ್ಕೊಳ್ತೀನಿ."

"ನಿಮಗೆ ಬರೋ ಮೆಸೇಜೇ ನಮಗೂ ಬರೋದು ಆಂಟಿ. ಅದ್ರ ಮೇಲೆ ನಾವು ಹೇಳೋ ಹಾಗಿಲ್ಲ."

ಹೊತ್ತು ಮುಳುಗುವಾಗ ಎಲ್ಲರ ಮೊಬೈಲುಗಳೂ ಒಟ್ಟಿಗೆ ಸದ್ದು ಮಾಡಿದವು. ಕ್ಯಾನ್ಸಲ್. ಜೊತೆಗೊಂದು ಕ್ಷಮಾಪಣೆ.

ರಾತ್ರಿ ಬಸ್ಸಿನಲ್ಲಿ ಬೆಂಗಳೂರು, ಬೆಳಿಗ್ಗೆ ಅಲ್ಲಿಂದ ಇನ್ನೊಂದು ವಿಮಾನ. ಆಸ್ಪತ್ರೆಯ ಮೆಟ್ಟಿಲು ಹತ್ತುವಾಗ ಮರುದಿನದ ಊಟದ ಹೊತ್ತು. ಉಷಾ ಆಗಲೇ ಥಿಯೇಟರಿನ ಒಳಗಿದ್ದಳು. ಮುಚ್ಚಿದ ಬಾಗಿಲಿನ ಎದುರು ಅತ್ತಿಗೆ ಕುಳಿತೇ ಇದ್ದರು. ಕಾಫಿ ತಂದುಕೊಟ್ಟರೆ ಅದೂ ಆರಿಹೋಯಿತು.

ಆಪರೇಷನ್ ಚೆನ್ನಾಗಿ ಆಯಿತು. ಮಾತಾಡುವಷ್ಟು ಶಕ್ತಿ ಬಂದ ದಿನ ಉಷಾ ಹೇಳಿದ್ದು ಬಳೆಯ ವಿಷಯ. ಒಳಗೆ ಒಯ್ಯುವ ಮುಂಚೆ ನರ್ಸ್ ಬಳೆ ತೆಗೆಯಲು ಹೇಳಿದ್ದರಂತೆ.

"ಅಕ್ಕ ಬರ್ತಾಳೆ, ಅವಳ ಕೈಲೇ ಕೊಡ್ತೀನಿ ಅಂದೆ. ಕೊನೆಗೆ ಅವ್ರೇ ತೆಗೆದ್ರು."

ಅತ್ತಿಗೆ ನರ್ಸ್ ಒಪ್ಪಿಸಿದ್ದ ಆ ಬಳೆಗಳನ್ನು ಚೀಲದಿಂದ ತೆಗೆದು, ತಂಗಿಯ ಬತ್ತಿದ ಕೈಗೆ ಒಂದೊಂದಾಗಿ ಏರಿಸಿದರು.

ನಮ್ಮ ಕಡೆಯ ಪ್ರೈವೇಟ್ ಬಸ್ಸುಗಳೂ ದಾರಿಯಲ್ಲಿ ಕೆಟ್ಟು ನಿಲ್ಲುತ್ತವೆ. ಕಂಡಕ್ಟರ್ ಕೆಳಗಿಳಿದು ನೋಡಿ, ಇದು ಹೋಗಲ್ಲ, ಹಿಂದಿನ ಬಸ್ಸಿಗೆ ಹತ್ತಿ ಎನ್ನುತ್ತಾನೆ. ಗೊಣಗುತ್ತಾ ಇಳಿಯುತ್ತೇವೆ. ಆದರೆ ಊರು ಸೇರುತ್ತೇವೆ.

ವಿಮಾನದವರ ಕಷ್ಟ ನನಗೆ ಅರ್ಥವಾಗದ್ದೇನಲ್ಲ. ಪೈಲಟ್ ಸಿಗಲಿಲ್ಲವೇನೋ, ಎಂಜಿನ್ ಸರಿಯಿರಲಿಲ್ಲವೇನೋ. ಕೆಟ್ಟ ಎಂಜಿನ್ ಇಟ್ಟುಕೊಂಡು ಹಾರಿ ಎಂದು ಯಾರೂ ಕೇಳುವುದಿಲ್ಲ. ಬೈಸಿಕೊಳ್ಳಲು ಆ ಹುಡುಗಿಯೊಬ್ಬಳನ್ನು ಮುಂದೆ ನಿಲ್ಲಿಸಿ, ಗೊತ್ತಿದ್ದವರು ಎಲ್ಲೋ ಸುಮ್ಮನಿದ್ದರಲ್ಲ, ನನ್ನ ಸಂಕಟ ಅದು.

ಹಾರದಿರುವುದಕ್ಕೆ ನೂರು ಕಾರಣಗಳಿರಬಹುದು. ಹೇಳದಿರುವುದಕ್ಕೆ ಒಂದಾದರೂ ಇದೆಯೇ?