ಅಕ್ಕೋರು ಕುಡಿಯದ ನೀರು

ಹೋದ ವಾರ ರಾಮದುರ್ಗಕ್ಕೆ ಹೋಗಿ ಬರುವಾಗ ಹಾದಿಯ ಒಂದು ಬಸ್ ಸ್ಟ್ಯಾಂಡಿನಲ್ಲಿ ಇಳಿದೆ. ಹೆಂಗಸರ ಶೌಚಾಲಯಕ್ಕೆ ಕೀಲಿ. ಯಾರೋ ಒಳಗೆಲ್ಲ ಫಿನಾಯಿಲ್ ಸುರಿದು, ತೊಳೆದು, ಕೀಲಿ ಜಡಿದು ಹೋಗಿದ್ದರು. ಯಾರೂ ಹೋಗದಿದ್ದರೆ ಸ್ವಚ್ಛ ಇರುತ್ತದೆ ಅಂತ ಇರಬೇಕು. ಬಾಗಿಲ ಸಂದಿಯಿಂದ ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಮ್ಮ ಬಾಜೂ ಮನೆಯ ಅಕ್ಕೋರು ನೆನಪಾದರು...

ನಮ್ಮ ಕಡೆ ಸಾಲಿ ಕಲಿಸುವ ಹೆಂಗಸರಿಗೆ ಅಕ್ಕೋರು ಅನ್ನುತ್ತೇವೆ. ಇವರು ಬೈಲಹೊಂಗಲದಲ್ಲಿ ನಮ್ಮ ಗೋಡೆಗೆ ಹೊಂದಿದ ಮನೆಗೆ ಬಾಡಿಗೆಗೆ ಬಂದಾಗ ನಾನು ಕಾಲೇಜಿಗೆ ಹೋಗುತ್ತಿದ್ದೆ. ದಿನಾ ಬಸ್ಸು ಹತ್ತಿ ಮುರಗೋಡದ ಕಡೆಯ ಒಂದು ಹಳ್ಳಿಯ ಸಾಲಿಗೆ ಹೋಗಿ ಬರುತ್ತಿದ್ದರು. ಒಂಟಿ ಜೀವ. ನಡಿಗೆಯಲ್ಲಿ ಸ್ವಲ್ಪ ತೂಗಾಟ, ಹೆಗಲಿಗೊಂದು ದೊಡ್ಡ ಚೀಲ. ಆ ಚೀಲದಲ್ಲಿ ಯಾವಾಗಲೂ ಒಂದು ಸಣ್ಣ ಫಿನಾಯಿಲ್ ಬಾಟಲಿ ಇರುತ್ತಿತ್ತು. ಯಾಕೆಂದು ಕೇಳುವಷ್ಟು ಸಲಿಗೆ ನನಗಿರಲಿಲ್ಲ.

ಅವ್ವ ಜಂಪರ್ ಹೊಲಿಯುತ್ತಿದ್ದಳು. ಅಳತೆ ಕೊಡಲು ಅಕ್ಕೋರು ಮೊದಲ ಸಲ ಬಂದಾಗ ಪದ್ಧತಿಯಂತೆ ಬೆಲ್ಲದ ತುಣುಕು, ತಂಬಿಗೆ ನೀರು ತಂದಿಟ್ಟಳು. ಅಕ್ಕೋರು ಬೆಲ್ಲ ಬಾಯಿಗೆ ಹಾಕಿಕೊಂಡರು, ನೀರು ಮುಟ್ಟಲಿಲ್ಲ. "ಈಗ ಕುಡದ ಬಂದೇನ್ರಿ ಅವ್ವಾರ," ಅಂದರು. ಇರಬಹುದು. ಆದರೆ ಮರುಸಲವೂ ಅದೇ ಮಾತು, ಅದರ ಮರುಸಲವೂ ಅದೇ. ಶೇಂಗಾ ಉಂಡಿ ಕೊಟ್ಟರೆ ತಿಂದರು, ಚಕ್ಕುಲಿ ತಿಂದರು. ನೀರು, ಚಹಾ, ಮಜ್ಜಿಗೆ... ಊಹೂಂ.

ನಾವು ಬೌದ್ಧರಾದ ದಲಿತರು. ಅಕ್ಕೋರು ಹೊಲ ಮನೆ ಇದ್ದ ಲಿಂಗಾಯತರ ಮನೆತನದವರು. ಅವ್ವನಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಒಣ ತಿನಿಸು ನಡೆಯುತ್ತದೆ, ನೀರು ನಡೆಯುವುದಿಲ್ಲ ಎಂಬುದನ್ನು ಅವಳು ಹುಟ್ಟಿದಾಗಿನಿಂದ ಕಂಡವಳು. "ತಲಿ ಸಾಲಿ ಕಲತೈತಿ, ಗಂಟಲ ಕಲತಿಲ್ಲ," ಎಂದು ಮಷಿನ್ ತುಳಿಯುತ್ತಲೇ ಗೊಣಗಿದಳು. ಮುಂದಿನ ಸಲ ತಂಬಿಗೆ ಹೊರಗೆ ಬರಲೇ ಇಲ್ಲ. ಅಕ್ಕೋರ ಮುಖದಲ್ಲಿ ಬೇಸರ ಕಾಣಬೇಕಿತ್ತು, ಕಂಡದ್ದು ನಿರಾಳ. ಅದನ್ನು ನೋಡಿ ಅವ್ವನ ಸಿಟ್ಟು ಇಮ್ಮಡಿಯಾಯಿತು.

ಒಂದು ಬೇಸಿಗೆಯ ಸಂಜೆ ಅಕ್ಕೋರು ಬಸ್ಸಿಳಿದು ಬರುತ್ತ ನಮ್ಮ ಕಟ್ಟೆಯ ಹತ್ತಿರ ಕುಸಿದರು. ಮೈ ಕೆಂಡ, ಹಲ್ಲು ಕಟಕಟ, ಕಾಲು ಮಾತು ಕೇಳುತ್ತಿಲ್ಲ. ನಾನೂ ಅವ್ವನೂ ಒಳಗೆ ತಂದು ಮಲಗಿಸಿದೆವು. ಅವ್ವ ನೀರು ಹಿಡಿದರೆ ಮುಖ ತಿರುಗಿಸಿದರು. ಅವ್ವನ ತಾಳ್ಮೆ ಅಲ್ಲಿಗೆ ಮುಗಿಯಿತು.

"ಅಕ್ಕೋರ, ಜೀವಾ ಹೋಗೂ ಹೊತ್ತಿನ್ಯಾಗೂ ನಮ್ಮ ನೀರ ಮೈಲಿಗಿ ಆಗತೈತೇನ್ರಿ?"

ಅಕ್ಕೋರು ಅವ್ವನನ್ನೇ ನೋಡಿದರು. ಇಷ್ಟು ದಿನ ಈ ಮನೆಯಲ್ಲಿ ಏನು ನಡೆದಿತ್ತೆಂದು ಅವರಿಗೆ ಆಗ ತಿಳಿದಿರಬೇಕು.

"ಏನ್ ಮಾತ್ರಿ ಅವ್ವಾರ ಇದು... ನಿಮ್ಮ ನೀರಂತಲ್ರಿ. ತವರಮನಿ ನೀರೂ ನಾ ಕುಡಿಯಂಗಿಲ್ಲ. ನನ್ನ ಮನ್ಯಾಗ ಬಾಗಲಾ ಹಾಕ್ಕೊಂಡ ಮ್ಯಾಲಷ್ಟ ಕುಡೀತೇನಿ. ಕುಡದ್ರ ನನಗ ತಡ್ಯಾಕ ಆಗಂಗಿಲ್ರಿ."

ಅವತ್ತು ಎಲ್ಲ ಹೊರಬಿತ್ತು. ಮಲ್ಟಿಪಲ್ ಸ್ಕ್ಲೆರೋಸಿಸ್ ಎಂಬ ನರದ ಬೇನೆ. ವಾಯರ್ ಮೇಲಿನ ರಬ್ಬರ್ ಸವೆದಂತೆ ನರದ ಮೇಲಿನ ಹೊದಿಕೆ ಸವೆಯುತ್ತದೆ, ಮಿದುಳಿನ ಮಾತು ಮೈಗೆ ಸರಿಯಾಗಿ ಮುಟ್ಟುವುದಿಲ್ಲ. ಕಾಲಿನ ತೊಂದರೆ ಊರಿಗೆಲ್ಲ ಕಾಣುತ್ತಿತ್ತು. ಕಾಣದ್ದು ಮೂತ್ರಕೋಶದ್ದು. ಬಂತೆಂದರೆ ಆ ಕ್ಷಣವೇ ಹೋಗಬೇಕು, ಹೋಗಿ ಕುಂತರೆ ಪೂರ್ತಿ ಬರುವುದಿಲ್ಲ. ಒಳಗೆ ಉಳಿದದ್ದರಿಂದ ಸೋಂಕು, ಸೋಂಕಿನಿಂದ ಜ್ವರ, ಜ್ವರ ಏರಿದರೆ ಕಾಲು ಇನ್ನಷ್ಟು ಸೋಲುತ್ತವೆ. ತೆಳ್ಳಗಿನ ನಳಿಗೆ ಹಾಕಿಕೊಂಡು ತಾವೇ ಖಾಲಿ ಮಾಡಿಕೊಳ್ಳುವುದನ್ನು ಬೆಳಗಾವಿಯ ಡಾಕ್ಟರು ಕಲಿಸಿದ್ದರು. ನೀರು ಮಾತ್ರ ಬಿಡಬೇಡಿ, ಹೊತ್ತು ಹೊತ್ತಿಗೆ ಕುಡಿಯಿರಿ ಎಂದೂ ಹೇಳಿದ್ದರಂತೆ.

ಸರಿ, ಆದರೆ ಎಲ್ಲಿ? ಆ ಸಾಲಿಯಲ್ಲಿ ಇದ್ದದ್ದೇ ಒಂದು ಶೌಚಾಲಯ. ಅದಕ್ಕೊಂದು ಸುಡುಗಾಡು ಕೀಲಿ, ಆ ಕೀಲಿ ಹೆಡ್ ಮಾಸ್ತರರ ಕಿಸೆಯಲ್ಲಿ. ಸ್ಟಾಫ್ ರೂಮಿನ ಅಷ್ಟೂ ಗಂಡಸರ ಮುಂದೆ ಕೈ ಚಾಚಬೇಕು. ಕೀಲಿ ಸಿಕ್ಕರೂ ನಳದಲ್ಲಿ ನೀರಿಲ್ಲ, ಬಾಗಿಲಿಗೆ ಒಳಚಿಲಕವಿಲ್ಲ. ಚೀಲದ ಫಿನಾಯಿಲ್ ನೆಲಕ್ಕಾಯಿತು, ಕೈ ತೊಳೆಯುವುದೆಲ್ಲಿ? ಕೈ ಸ್ವಚ್ಛವಿಲ್ಲದೆ ನಳಿಗೆ ಮುಟ್ಟುವಂತಿಲ್ಲ. ಅತ್ತ ದರಿ, ಇತ್ತ ಪುಲಿ. ಅಕ್ಕೋರು ನೀರನ್ನೇ ಬಿಟ್ಟರು. ಬಿಟ್ಟದ್ದಕ್ಕೆ ಸೋಂಕು ಮತ್ತೆ ಮತ್ತೆ ಬಂತು. 

"ಒಂದ ಮಾತ ಹೇಳಾಕ ಏನಾಗಿತ್ರಿ ನಿಮಗ?" ಎಂದು ಅವ್ವ ಅಳುತ್ತಲೇ ಬೈದಳು.

"ಏನಂತ ಹೇಳೂದ್ರಿ? ಕಾಲಿಂದಾದ್ರ ಎಲ್ಲಾರ ಮುಂದ ಹೇಳಬಹುದು."

ಔಷಧಕ್ಕೆ ಜ್ವರ ಇಳಿಯಿತು. ಅಂದಿನಿಂದ ನಮ್ಮ ಮನೆಯ ಪದ್ಧತಿ ಬದಲಾಯಿತು. ಅಕ್ಕೋರು ಬಂದರೆ ಅವ್ವ ಮೊದಲು, "ಹಿತ್ತಲದಾಗ ಐತ್ರಿ, ಚಿಲಕಾ ಗಟ್ಟಿ ಐತಿ, ಸಾಬಾಣ ಇಟ್ಟೇನಿ," ಅನ್ನುವಳು. ಆಮೇಲೆ ತಂಬಿಗೆ. ಅಕ್ಕೋರು ಗಟಗಟ ಕುಡಿಯುವರು. ಅವರು ಕುಡಿಯುವುದನ್ನೇ ಅವ್ವ ನೋಡುತ್ತ ನಿಲ್ಲುವಳು.

ಆದರೆ ಹಗಲೆಲ್ಲ ಸಾಲಿಯಲ್ಲೇ ಕಳೆಯಬೇಕಲ್ಲ... ಅವ್ವ ಸುಮ್ಮನಿರದೆ ಒಂದು ದಿನ ಅಲ್ಲಿಗೇ ಹೋದಳು. ಹೆಡ್ ಮಾಸ್ತರರು ಕೆಟ್ಟವರಲ್ಲ. ಕುರ್ಚಿ ಕೊಟ್ಟು, ಚಹಾ ತರಿಸಿ, "ಮುಂದಿನ ವರ್ಷ ನೋಡೂಣ್ರಿ, ಗ್ರಾಂಟ್ ಬರಲಿ," ಅಂದರಂತೆ. ಅಕ್ಕೋರು ಬೈಲಹೊಂಗಲದ ಸಾಲಿಗೇ ವರ್ಗಾವಣೆ ಕೇಳಲು ಶಿಕ್ಷಣ ಇಲಾಖೆಯ ಆಫೀಸಿಗೆ ಹೋದಾಗ ಅಲ್ಲಿಯ ಸಾಹೇಬರು ಮಂದಿಯ ನಡುವೆಯೇ ಏನು ಬೇನೆ ಎಂದು ಕೇಳಿದರು. ಅಕ್ಕೋರ ಬಾಯಿಂದ "ಕಾಲಿಂದ್ರಿ" ಎಂಬುದಷ್ಟೇ ಬಂತು. "ನಡಕೋತ ಬಂದೀರಲ್ರಿ ಮತ್ತ?" ಎಂದರು ಸಾಹೇಬರು. ಮುಗಿಯಿತು.

ಮರುಬೇಸಿಗೆಗೆ ಸೋಂಕು ಮೂತ್ರಪಿಂಡಕ್ಕೆ ಏರಿ ರಕ್ತಕ್ಕೆ ಇಳಿಯಿತು. ಬೆಳಗಾವಿಗೆ ಒಯ್ದರು. ತಿರುಗಿ ಬರಲಿಲ್ಲ. ಗ್ರಾಂಟ್ ಬಂತೋ ಇಲ್ಲವೋ ನನಗೆ ಗೊತ್ತಿಲ್ಲ, ಕೇಳುವ ಮನಸ್ಸೂ ಆಗಲಿಲ್ಲ.

ಈಗ ಅವ್ವನ ಮಷಿನ್ ನಾನು ತುಳಿಯುತ್ತೇನೆ. ಜಂಪರ್ ಹೊಲಿಸಲು ಬಂದ ಹೆಂಗಸರಿಗೆ ಮೊದಲು ಹಿತ್ತಲ ಬಾಗಿಲು ತೋರಿಸಿ ಆಮೇಲೆ ನೀರು ಕೊಡುತ್ತೇನೆ. ಕೆಲವರು ನಗುತ್ತಾರೆ, ನಗಲಿ.

ಹೋದ ವಾರ ಆ ಬಸ್ ಸ್ಟ್ಯಾಂಡಿನಲ್ಲಿ ಕೀಲಿ ಯಾರ ಹತ್ತಿರ ಎಂದು ವಿಚಾರಿಸಿದೆ. "ಕೀಲಿ ಇಟಗೊಂಡಾಂವ ಉಣ್ಣಾಕ ಹೋಗ್ಯಾನ್ರಿ," ಅಂದರು. ಕಂಡಕ್ಟರ್ ಸೀಟಿ ಊದಿದ. ಅಕ್ಕೋರ ಪರವಾಗಿ ಊರಿಗೆಲ್ಲ ಶಾಪ ಹಾಕುತ್ತ ಬಸ್ಸು ಹತ್ತಿ ಕುಂತೆ. ಬಿಸಿಲಿಗೆ ಗಂಟಲು ಒಣಗಿತ್ತು. ಚೀಲದಿಂದ ಬಾಟಲಿ ತೆಗೆದು ನೋಡಿದರೆ, ಮನೆಯಲ್ಲಿ ತುಂಬಿಕೊಂಡ ನೀರು ಕುತ್ತಿಗೆಮಟ ಹಾಗೇ ಇತ್ತು. ಬೆಳಗಿನಿಂದ ನಾನು ಒಂದು ಗುಟುಕೂ ಕುಡಿದಿರಲಿಲ್ಲ. ನನಗೇನೂ ಬೇನೆಯಿಲ್ಲ.