ಅಪ್ಪ ಗುರುತು ಹಿಡಿದ ಕಿವಿ

“ಏ ತಂಗಿ, ಈ ಪೊಲೀಸ ಆಗಳೇ ಸತ್ತಾನಲ್ಲ!” ಎಂದು ಹಿಂದಿನ ಬೆಂಚಿನಿಂದ ಅಪ್ಪ ನನ್ನನ್ನು ಕೂಗಿದಾಗ ಇಡೀ ತರಗತಿ ಗೊಳ್ಳೆಂದು ನಕ್ಕಿತು.

ಮಹಾರಾಷ್ಟ್ರದ ನಿಲಂಗಾದ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸುವ ನಾನು, ಅಂದು ಮಕ್ಕಳಿಗೆ ಹಾಲಿವುಡ್ಡಿನ ಹಳೆಯ ಪತ್ತೇದಾರಿ ಚಿತ್ರವೊಂದನ್ನು ತೋರಿಸುತ್ತಿದ್ದೆ. ಕಡಿಮೆ ದುಡ್ಡಿನಲ್ಲಿ ಅವಸರದಿಂದ ತೆಗೆದ ಕಪ್ಪು-ಬಿಳುಪು ಸಿನಿಮಾ. ಮುರುಮ್ ಊರಿನ ಕಡೆ ಕುರಿ ಕಾಯುವ ಅಪ್ಪ ನನ್ನನ್ನು ನೋಡಲು ಬಂದವರು, ಹೆಗಲ ಕಂಬಳಿ ಸಮೇತ ಅಲ್ಲೇ ಕೂತಿದ್ದರು. ಇಂಗ್ಲಿಷ್ ಅವರಿಗೆ ಒಂದಕ್ಷರವೂ ಬಾರದು.

“ಸತ್ತಾಂವಾ ಬ್ಯಾರೆ, ಇಂವಾ ಬ್ಯಾರೆ. ಸುಮ್ನ ಕೂಡಪ್ಪಾ” ಎಂದೆ, ನಾಚಿಕೆಯಿಂದ.

“ಮೀಸಿ ಹಚ್ಚಿ ಟೊಪಗಿ ಹಾಕ್ಯಾರ, ಅಷ್ಟೇ. ಕಿವಿ ನೋಡು! ಉಣ್ಣೆ ಕತ್ತರಿಸಿದ ಮ್ಯಾಲ ಕುರಿ ಎಲ್ಲಾ ಒಂದೇ ಥರ ಕಾಣ್ತಾವ. ಆಗ ನಾವು ಕಿವಿ ನೋಡೇ ಗುರ್ತ ಹಿಡೀತೀವಿ.”

ಚಿತ್ರವನ್ನು ಹಿಂದಕ್ಕೆ ಓಡಿಸಿದೆ. ಮೊದಲ ದೃಶ್ಯದಲ್ಲಿ ಹೆಣವಾಗಿ ಬಿದ್ದವನ ಎಡಗಿವಿಯ ತುದಿ ಮಡಚಿಕೊಂಡಿತ್ತು. ಬಾಗಿಲಲ್ಲಿ ನಿಂತ ಪೊಲೀಸನದೂ ಅದೇ ಕಿವಿ! ಖರ್ಚು ಉಳಿಸಲು ಒಬ್ಬನಿಂದಲೇ ಎರಡು ವೇಷ ಹಾಕಿಸಿದ್ದರು. ಎಷ್ಟೋ ಸಲ ನೋಡಿದ್ದ ನನ್ನ ಕಣ್ಣಿಗೇ ಅದು ಬಿದ್ದಿರಲಿಲ್ಲ. ಅಪ್ಪನ ಮಾತನ್ನು ಮರಾಠಿಯಲ್ಲಿ ಹೇಳಿದೆ. ನಕ್ಕ ಮಕ್ಕಳೇ ಎದ್ದು ನಿಂತು ಚಪ್ಪಾಳೆ ತಟ್ಟಿದರು.

ಅಪ್ಪ ಏನು ಮಾಡುತ್ತಾರೆ ಎಂದು ಯಾರಾದರೂ ಕೇಳಿದರೆ ‘ಹೊಲ ಇದೆ’ ಎಂದು ಜಾರಿಕೊಳ್ಳುತ್ತಿದ್ದೆ. ಈಗ ‘ಕುರಿ ಕಾಯುತ್ತಾರೆ’ ಎನ್ನುತ್ತೇನೆ. ಆಮೇಲೆ, ಅವರು ಕೇಳದಿದ್ದರೂ, ಕೂರಿಸಿಕೊಂಡು ಈ ಕಿವಿಯ ಕಥೆ ಹೇಳುತ್ತೇನೆ.