ಬಾನೆಟ್ಟಿನ ಕೆಳಗೆ ಬೊಟ್ಟಿಲ್ಲದ ಜಾಗ

2024ರ ನವೆಂಬರ್ ತಿಂಗಳ ಎರಡನೇ ಭಾನುವಾರ ಬೆಳಗ್ಗೆ, ಕೆಜಿಎಫ್‌ನ ಕೋರಮಂಡಲ್‌ನಲ್ಲಿ ಮಾರಾಟಕ್ಕಿದ್ದ ಬೂದು ಬಣ್ಣದ ಹಳೆಯ ಡೀಸೆಲ್ ಕಾರೊಂದನ್ನು ನೋಡಲು ನಾವು ಮೂವರು ಹೋದೆವು. ನಾನು, ಅಕ್ಕ, ಭಾವ. ಕೊಳ್ಳುವವಳು ಅಕ್ಕ. ಅವಳಿಗೆ ಲೈಸೆನ್ಸ್ ಬಂದು ಎರಡು ತಿಂಗಳೂ ಆಗಿರಲಿಲ್ಲ.

ಅಕ್ಕನದು ಬಂಗಾರಪೇಟೆ ಹತ್ತಿರದ ಹಳ್ಳಿ. ಮನೆಯ ಹಸುಗಳ ಹಾಲಿನಿಂದ ಕೋವಾ ಮಾಡಿ ಬೆಳಗಿನ ರೈಲಿನಲ್ಲಿ ಬೆಂಗಳೂರಿನ ಒಂದು ಸಿಹಿ ಅಂಗಡಿಗೆ ಕಳಿಸುತ್ತಾಳೆ. ಅದೇ ರೈಲಿನಲ್ಲಿ ದಿನವೂ ಕೆಲಸಕ್ಕೆ ಹೋಗುವ ಪಕ್ಕದ ಮನೆಯವರು ಡಬ್ಬಿಗಳನ್ನು ತಲುಪಿಸುತ್ತಾರೆ. ಸ್ಟೇಷನ್‌ವರೆಗೆ ಮಾತ್ರ ಆಟೊವನ್ನು ನಂಬಬೇಕಿತ್ತು. ದೀಪಾವಳಿಗೆ ಮೊದಲು ಆಟೊ ಬಾರದೆ ಎರಡು ಸಲ ರೈಲು ತಪ್ಪಿತ್ತು. ಇನ್ನೊಂದು ಸಲ ಹೀಗಾದರೆ ಬೇರೆಯವರನ್ನು ನೋಡಿಕೊಳ್ಳುತ್ತೇವೆ ಎಂದು ಅಂಗಡಿಯವರು ಫೋನಿನಲ್ಲಿ ಹೇಳಿಬಿಟ್ಟಿದ್ದರು. ಅಕ್ಕನಿಗೆ ಬೇಕಿದ್ದದ್ದು ಬೆಳಗಿನ ಚಳಿಯಲ್ಲಿ ಒಂದೇ ಸಲಕ್ಕೆ ಸ್ಟಾರ್ಟ್ ಆಗಿ, ದಾರಿಯಲ್ಲಿ ಕೈಕೊಡದ ಕಾರು.

ಹೋಗುವಾಗ ನಾನು ಅವರಿಬ್ಬರಿಗೆ ಚಿಪ್ಪಿನ ವಿಷಯ ಹೇಳಿದ್ದೆ. ಇಂಜಿನ್‌ಗೆ ಎಷ್ಟು ಡೀಸೆಲ್ ಬಿಡಬೇಕೆಂದು ನಿರ್ಧರಿಸುವುದು ಕಾರಿನಲ್ಲಿರುವ ಒಂದು ಸಣ್ಣ ಕಂಪ್ಯೂಟರ್. ಅದಕ್ಕೆ ಸುಳ್ಳು ಮಾಹಿತಿ ಕೊಟ್ಟು ಹೆಚ್ಚು ಡೀಸೆಲ್ ಬಿಡಿಸುವ ಪೆಟ್ಟಿಗೆ ಅಂಗಡಿಗಳಲ್ಲಿ ಸಿಗುತ್ತದೆ. ಕೆಲವರು ಪೆಟ್ಟಿಗೆಯ ಗೊಡವೆಯೇ ಇಲ್ಲದೆ ಕಂಪ್ಯೂಟರಿನ ಸಾಫ್ಟ್‌ವೇರನ್ನೇ ತಿದ್ದಿಸುತ್ತಾರೆ. ಎರಡಕ್ಕೂ ಜನ ಚಿಪ್ ಎಂದೇ ಹೇಳುತ್ತಾರೆ. ಕಾರು ಚಿಗರೆಯ ಹಾಗೆ ನೆಗೆಯುತ್ತದೆ. ಆದರೆ ಕ್ಲಚ್ಚು, ಇಂಜಿನ್‌ಗೆ ಗಾಳಿ ತುಂಬುವ ಟರ್ಬೊ ಬೇಗ ಸವೆಯುತ್ತವೆ. ಮಾರುವ ಮೊದಲು ಪೆಟ್ಟಿಗೆ ಬಿಚ್ಚಿಟ್ಟುಕೊಂಡರೆ ಕೊಳ್ಳುವವರಿಗೆ ಸುಳಿವೂ ಸಿಗದು.

“ಒಳ್ಳೇದೇ ಆಯ್ತಲ್ಲ ಬಾಮೈದ,” ಎಂದರು ಭಾವ. “ನಿಮ್ಮಕ್ಕ ಓಡ್ಸೋ ಸ್ಪೀಡ್‌ಗೆ ಚಿಪ್ಪಾದ್ರೂ ಇರ್ಲಿ.”

ಅಕ್ಕ ಸೆರಗಿನ ತುದಿಯನ್ನು ಸುತ್ತುತ್ತಾ, ಬಿಚ್ಚುತ್ತಾ ಕೂತಿದ್ದಳು.

ಕಾರಿನ ಮಾಲೀಕ ಸುಮಾರು ಇಪ್ಪತ್ತೈದರ ಯುವಕ. ಅವನ ತಾತ ಚಿನ್ನದ ಗಣಿಯಲ್ಲಿ ದುಡಿದವರು. ಗಣಿ ಮುಚ್ಚಿದ ಮೇಲೂ ಮನೆಯವರು ಇಲ್ಲೇ ಉಳಿದಿದ್ದರು. ಒಳಗಿದ್ದ ತಾಯಿಯ ಜೊತೆ ತಮಿಳಿನಲ್ಲಿ, ನಮ್ಮ ಜೊತೆ ಕನ್ನಡದಲ್ಲಿ, ನಡುವೆ ಬಂದ ಫೋನಿಗೆ ತೆಲುಗಿನಲ್ಲಿ ಮಾತಾಡಿದ. ಕಾರನ್ನು ತೊಳೆದು ಟೈರಿಗೂ ಪಾಲಿಶ್ ಹಚ್ಚಿದ್ದ. ಕೀಲಿ ತಿರುಗಿಸಿದ ತಕ್ಷಣ ಇಂಜಿನ್ ಸ್ಟಾರ್ಟ್ ಆಯಿತು. ಅಕ್ಕನ ಮುಖ ನೋಡಬೇಕಿತ್ತು.

ಮೊದಲ ಸುತ್ತಿಗೆ ಅವಳೇ ಕೂತಳು. ಪಕ್ಕದಲ್ಲಿ ಯುವಕ, ಹಿಂದೆ ನಾವಿಬ್ಬರು. ಗಣಿಯ ತ್ಯಾಜ್ಯ ಸುರಿದ ಸಯನೈಡ್ ದಿಬ್ಬಗಳ ಪಕ್ಕದ ಏರಿನಲ್ಲಿ ನಾಲ್ಕು ಜನರನ್ನು ಹೊತ್ತ ಕಾರು ಮೂರನೇ ಗೇರಿನಲ್ಲೇ ಹತ್ತಿತು. ಹೊಗೆ ಇರಲಿಲ್ಲ, ಅಪಸ್ವರ ಇರಲಿಲ್ಲ. ಎದುರಿಗೆ ಬಸ್ ಬಂದಾಗ ಅಕ್ಕ ಉಸಿರು ಬಿಗಿಹಿಡಿದಳು, ಬಸ್ ದಾಟಿದ ಮೇಲೆ ಗಟ್ಟಿಯಾಗಿ ನಕ್ಕಳು. ಇನ್ನೊಂದು ಸುತ್ತು ಹೋಗೋಣವೇ ಎಂದು ಕೇಳಿದಳು. ನನಗೂ ಇಳಿಯುವ ಮನಸ್ಸಿರಲಿಲ್ಲ.

ವಾಪಸ್ ಬಂದ ಮೇಲೆ ಬಾನೆಟ್ ಎತ್ತಿಸಿದೆವು. ಇಂಜಿನ್ನನ್ನೂ ಒರೆಸಿ ಹೊಳಪು ಬರಿಸಲಾಗಿತ್ತು. ಪೆಟ್ಟಿಗೆ ಜೋಡಿಸುವ ಕಡೆಯ ವೈರುಗಳನ್ನು ಟಾರ್ಚ್ ಬಿಟ್ಟು ನೋಡಿದೆ. ಕತ್ತರಿಸಿದ್ದಾಗಲಿ ಹೊಸ ಟೇಪಾಗಲಿ ಕಾಣಲಿಲ್ಲ. ಚಿಪ್ ಹಾಕಿಸಿದ್ದೀರಾ ಎಂದು ನೇರವಾಗಿಯೇ ಕೇಳಿದೆ. ಇಲ್ಲ ಸಾರ್, ಎಲ್ಲ ಕಂಪನಿಯಿಂದ ಬಂದ ಹಾಗೇ ಇದೆ ಎಂದ. ಅದನ್ನು ಸುಳ್ಳೆನ್ನಲು ನನ್ನ ಬಳಿ ಏನೂ ಇರಲಿಲ್ಲ.

ಅಷ್ಟರಲ್ಲಿ ಅಕ್ಕ ಬಗ್ಗಿದಳು.

ನಮ್ಮ ಕಡೆ ಆಯುಧಪೂಜೆಯ ದಿನ ಗಾಡಿಯ ಹೊರಗಷ್ಟೇ ಅಲ್ಲ, ಬಾನೆಟ್ ಎತ್ತಿ ಒಳಗೂ ಅರಿಶಿನ ಕುಂಕುಮದ ಬೊಟ್ಟು ಇಡುತ್ತಾರೆ. ಬ್ಯಾಟರಿಗೆ, ಫಿಲ್ಟರಿನ ಡಬ್ಬಿಗೆ, ನೀರಿನ ಡಬ್ಬಿಗೆ, ಕೈಗೆ ಸಿಕ್ಕಿದ್ದಕ್ಕೆಲ್ಲ. ಅಕ್ಕ ಮನೆಯ ಟ್ರ್ಯಾಕ್ಟರಿಗೆ ವರ್ಷವೂ ಇಡುತ್ತಾಳೆ. ಈ ಕಾರಿನಲ್ಲೂ ಹಿಂದಿನ ತಿಂಗಳ ಬೊಟ್ಟುಗಳು ಒಣಗಿ ಹಾಗೇ ಇದ್ದವು. ಬ್ಯಾಟರಿಯ ಪಕ್ಕದ ಕಪ್ಪು ತಟ್ಟೆಯ ಮೇಲೆ ಒಂದು ಕಡೆ ಬೊಟ್ಟು ಅರ್ಧವೇ ಇತ್ತು. ಅದರ ಅಂಚು ಗೆರೆ ಕೊಯ್ದಂತೆ ನೇರವಾಗಿ ನಿಂತಿತ್ತು. ಸುತ್ತ ಚೆಲ್ಲಿದ ಅರಿಶಿನದ ಪುಡಿಯೂ ಅದೇ ಗೆರೆಯಲ್ಲಿ ನಿಂತು, ನಡುವೆ ಬೆಂಕಿಪೊಟ್ಟಣಕ್ಕಿಂತ ಸ್ವಲ್ಪ ದೊಡ್ಡದಾದ ಚೌಕದಷ್ಟು ಜಾಗ ಖಾಲಿ ಇತ್ತು.

“ಇಲ್ಲಿ ಏನೋ ಕೂತಿತ್ತು,” ಎಂದಳು ಅಕ್ಕ. “ಅದ್ರ ಮ್ಯಾಲೆ ಬೊಟ್ಟು ಇಟ್ಟವ್ರೆ. ಅದ್ನ ಎತ್ಕೊಂಡ್ ಓಗವ್ರೆ, ಮಿಕ್ಕ ಅರ್ಧ ಇಲ್ಲೇ ಬಿಟ್ಟವ್ರೆ. ಏನಪ್ಪಾ ಅದು?”

ಯುವಕ ಮೊದಲು ನನ್ನನ್ನು ನೋಡಿದ, ಆಮೇಲೆ ಬಾಗಿಲನ್ನು. ಬಾಗಿಲಲ್ಲಿ ಅವನ ತಾಯಿ ನಿಂತಿದ್ದರು. ಅವರು ತಮಿಳಿನಲ್ಲಿ ಎರಡೇ ಮಾತು ಹೇಳಿದರು. ಧ್ವನಿ ಏರಿಸಲಿಲ್ಲ, ಆದರೆ ಅವನ ಕಿವಿ ಕೆಂಪಾಯಿತು.

“ಬಾಕ್ಸ್ ಅಕ್ಕಾ,” ಎಂದ. “ಒಂದು ವರ್ಷ ಹಾಕಿದ್ದೆ. ಹೋದ ವಾರ ಬಿಚ್ಚಿದೆ. ಎಲ್ಲಾ ಒರೆಸ್ದೆ, ಪೂಜೆ ಬೊಟ್ಟು ಮಾತ್ರ ಅಳಿಸ್ಬಾರ್ದು ಅಂತ ಅಮ್ಮ ಕೈ ಹಾಕೋಕೆ ಬಿಡ್ಲಿಲ್ಲ.”

ಭಾವ ಬಾಯಿಗೆ ಟವೆಲ್ ಒತ್ತಿ ನಕ್ಕರು. ಹೊರಟುಬಿಡೋಣ ಎಂದು ನಾನು ಅಕ್ಕನ ಕಿವಿಯಲ್ಲಿ ಹೇಳಿದೆ. ಅವಳು ಕೇಳಿಸಿಕೊಳ್ಳಲಿಲ್ಲ.

“ಮನೇಲೈತಾ?”

“ಐತಕ್ಕಾ.”

“ತತ್ತಾ. ಆಕು. ಮೊದ್ಲು ಎಂಗ್ ಓಡಿಸ್ತಿದ್ದೆ ಅಂತ ತೋರ್ಸು.”

ಅವನು ಒಳಗಿಂದ ಪೆಟ್ಟಿಗೆ ತಂದ. ಮೇಲೆ ಬೊಟ್ಟಿನ ಉಳಿದರ್ಧ ಇತ್ತು. ವೈರು ಸಿಕ್ಕಿಸಿ ಅದೇ ಖಾಲಿ ಜಾಗದಲ್ಲಿ ಕೂರಿಸಿದಾಗ ಎರಡು ಅರ್ಧಗಳೂ ಸೇರಿ ದುಂಡಗಾದವು. ಈ ಸಲ ಅವನೇ ಓಡಿಸಿದ. ನಾವೆಲ್ಲ ಬೆಲ್ಟ್ ಹಾಕಿಕೊಂಡು ಹಿಡಿಗಳನ್ನು ಹಿಡಿದು ಕೂತೆವು.

ಬಂಗಾರಪೇಟೆ ರಸ್ತೆಯ ಖಾಲಿ ಭಾಗಕ್ಕೆ ಬಂದ ಮೇಲೆ ಅವನು ಆಕ್ಸಿಲರೇಟರ್ ಒತ್ತಿದ. ಬೆನ್ನು ಸೀಟಿಗೆ ಅಂಟಿಕೊಂಡಿತು. ಭಾವನ ಕೈಯ ಟವೆಲ್ ಕಾಲಬುಡಕ್ಕೆ ಬಿತ್ತು. ಅಕ್ಕ ‘ಅಯ್ಯಯ್ಯೋ’ ಎನ್ನುತ್ತಲೇ ನಗುತ್ತಿದ್ದಳು. ನಾನೂ ಜೊತೆಗೆ ನಕ್ಕೆ. ಹಿಂದೆ ಕಪ್ಪು ಹೊಗೆ ಎದ್ದಿತ್ತು. ಮುಂದಿನ ಏರಿನಲ್ಲಿ ನಾಲ್ಕನೇ ಗೇರಿಗೆ ಹಾಕಿ ಮತ್ತೆ ಒತ್ತಿದ. ಇಂಜಿನ್ ಕಿರುಚಿತು, ಇಂಜಿನ್ನಿನ ಸುತ್ತು ತೋರಿಸುವ ಮೀಟರಿನ ಮುಳ್ಳು ಮೇಲೆ ಹಾರಿತು, ಕಾರು ಮಾತ್ರ ಅದೇ ವೇಗದಲ್ಲಿತ್ತು. ಸುಟ್ಟ ವಾಸನೆ ಬಂತು.

ಸವೆದ ಕ್ಲಚ್ ಜಾರುತ್ತಿತ್ತು, ಇಂಜಿನ್ನಿನ ಬಲ ಚಕ್ರಗಳಿಗೆ ಮುಟ್ಟುತ್ತಿರಲಿಲ್ಲ. ಪೆಟ್ಟಿಗೆ ಇಲ್ಲದ ಮೊದಲ ಸುತ್ತಿನಲ್ಲಿ ಅಡಗಿದ್ದ ದೋಷವನ್ನು ಪೆಟ್ಟಿಗೆಯೇ ಹೊರಗೆ ಹಾಕಿತ್ತು. ಯುವಕ ಕಾರನ್ನು ಬದಿಗೆ ನಿಲ್ಲಿಸಿ ಸ್ಟೀರಿಂಗ್ ಮೇಲೆ ಹಣೆ ಇಟ್ಟ. ಇದು ತನಗೆ ಗೊತ್ತಿರಲಿಲ್ಲ ಎಂದ. ಆ ಮಾತನ್ನು ನಾನು ನಂಬಿದೆ.

ಪೆಟ್ಟಿಗೆ ಸಮೇತ ಕೊಡು ಎಂದು ಭಾವ ಚೌಕಾಸಿ ಶುರುಮಾಡಿದರು. ಕೋವಾ ಹಾರಿಕೊಂಡು ಬೆಂಗಳೂರಿಗೇ ಹೋಗುತ್ತದೆ, ರೈಲೇ ಬೇಡ ಎಂದರು.

“ಸುಮ್ಕಿರಿ,” ಎಂದಳು ಅಕ್ಕ. “ನಂಗೆ ಓಡೋ ಕಾರ್ ಬ್ಯಾಡ. ದಿನಾ ಓಗಿ ಬರೋ ಕಾರ್ ಬೇಕು.”

ಅವಳು ಯುವಕನ ಮುಂದೆ ಇಟ್ಟ ಷರತ್ತು ಇಷ್ಟು. ಬಂಗಾರಪೇಟೆಯ ಗ್ಯಾರೇಜಿನಲ್ಲಿ ಪೂರ್ತಿ ತಪಾಸಣೆ ಆಗಬೇಕು. ಕ್ಲಚ್ಚನ್ನು ಅವನೇ ಹೊಸದು ಹಾಕಿಸಬೇಕು. ಟರ್ಬೊ ಕೆಟ್ಟಿದ್ದರೆ, ಇಲ್ಲವೇ ಕಂಪ್ಯೂಟರನ್ನೇ ತಿದ್ದಿಸಿದ್ದರೆ, ಕಾರು ಬೇಡ. ಅವನು ಒಪ್ಪಿದ.

ಮರುದಿನ ಸಂಜೆ ಗ್ಯಾರೇಜಿನಲ್ಲಿ ಮೂವರೂ ಕಾದೆವು. ಮೆಕ್ಯಾನಿಕ್ ಸ್ಕ್ಯಾನರ್ ಸಿಕ್ಕಿಸಿ, ಕಂಪ್ಯೂಟರಿನ ಸಾಫ್ಟ್‌ವೇರ್ ಸಂಖ್ಯೆಯನ್ನು ಕಂಪನಿಯ ಸಂಖ್ಯೆಯ ಜೊತೆ ಹೋಲಿಸಿದರು. ಎರಡೂ ಒಂದೇ. ಕಂಪ್ಯೂಟರಿನ ಮುಚ್ಚಳವನ್ನು ಮೀಟಿ ತೆಗೆದ ಗೀರುಗಳೂ ಇರಲಿಲ್ಲ. ಕೊನೆಗೆ ಟರ್ಬೊಗೆ ಹೋಗುವ ಪೈಪ್ ಬಿಚ್ಚಿ ಒಳಗಿನ ಚಕ್ರ ಸಡಿಲಾಗಿದೆಯೇ ಎಂದು ಬೆರಳು ಹಾಕಿ ಅಲ್ಲಾಡಿಸಿದರು. ಅಕ್ಕ ಅವರ ಬೆರಳನ್ನೇ ನೋಡುತ್ತಿದ್ದಳು. ಗ್ಯಾರೇಜಿನ ರೇಡಿಯೋವನ್ನು ಭಾವ ತಾವೇ ಹೋಗಿ ಆರಿಸಿ ಬಂದರು.

“ಆಟ ಇಲ್ಲ, ಬಿಗಿಯಾಗೈತೆ,” ಎಂದರು ಮೆಕ್ಯಾನಿಕ್. “ತಗೊಳ್ಳಿ ಅಮ್ಮಾ.”

ಅಕ್ಕ ನನ್ನ ತೋಳು ಹಿಡಿದು ಅಲ್ಲಾಡಿಸಿದಳು. ಆ ಹಿಡಿತದ ನೋವು ಮನೆ ಮುಟ್ಟುವವರೆಗೂ ಇತ್ತು.

ಅದೇ ವಾರ ಹೊಸ ಕ್ಲಚ್ ಹಾಕಲಾಯಿತು. ಪೆಟ್ಟಿಗೆ ಯುವಕನ ಬಳಿಯೇ ಉಳಿಯಿತು. ಕಾರು ಅಕ್ಕನ ಹೆಸರಿಗೆ ಆದ ಮೇಲೆ ಮೊದಲ ದಿನ ಕತ್ತಲಿರುವಾಗಲೇ ಅವಳು ಡಬ್ಬಿಗಳನ್ನು ಹಿಂದಿನ ಸೀಟಿಗೆ ಏರಿಸಿ, ಹಾರ್ನ್ ಹೊಡೆದು ಪಕ್ಕದ ಮನೆಯವರನ್ನು ಎಬ್ಬಿಸಿದಳು. ಸ್ಟೇಷನ್ ತಲುಪಿದಾಗ ರೈಲಿಗೆ ಇನ್ನೂ ಬಹಳ ಹೊತ್ತಿತ್ತು ಎಂದು ಅವರು ಈಗಲೂ ದೂರುತ್ತಾರೆ.

ಅಂಗಡಿಯವರು ಅಕ್ಕನ ಹತ್ತಿರವೇ ಕೊಳ್ಳುತ್ತಿದ್ದಾರೆ. ಈ ವಾರದಿಂದ ಒಂದು ಡಬ್ಬಿ ಹೆಚ್ಚು ಕೇಳಿದ್ದಾರೆ. ಇವತ್ತಿನ ಡಬ್ಬಿಗಳು ರೈಲು ಹತ್ತಿದವು ಎಂದು ಬೆಳಗ್ಗೆ ಅಕ್ಕ ಸ್ಟೇಷನ್ನಿನಿಂದ ಫೋನ್ ಮಾಡಿದ್ದಳು.